ಶಾಂತಪ್ಪ ಕಾಕಾನ ಮಂಕಿ ಕ್ಯಾಪು

ಅಪ್ಪನ ಕೆರೆ ಹತ್ತಿರದ ಚಹಾದಂಗಡಿ. ಡಿಸೆಂಬರ್, ಬೆಳಿಗ್ಗೆ ಹತ್ತು ಗಂಟೆ, ಬೆನ್ನಿಗೆ ಬಿಸಿಲು ಚುರುಗುಟ್ಟುತ್ತಿದೆ. ಶಾಂತಪ್ಪ ಕಾಕಾ ಮಂಕಿ ಕ್ಯಾಪು, ಸ್ವೆಟರು, ಮೇಲೊಂದು ಶಾಲು ಹಾಕಿಕೊಂಡು ಬಂದರು.

"ಯಾಕ್ರಿ ಕಾಕಾ, ಜ್ವರಾನಾ?" ಬಸ್ಯಾ ಕೇಳಿದ.

"ಇಲ್ಲಪ್ಪ. ಮೈನಸ್ ಎಂಟು ಇದೆ. ಗಾಳಿ ಬೇರೆ ಜಾಸ್ತಿ."

"ಎಲ್ಲಿ?"

ಕಾಕಾ ಮೊಬೈಲ್ ತೋರಿಸಿದರು. ಬಫಲೋ, ನ್ಯೂಯಾರ್ಕ್ ರಾಜ್ಯ.

ಈ ಹವಾಮಾನದ ಆ್ಯಪ್ ಕಂಡರೆ ನನಗೆ ಆಗುವುದಿಲ್ಲ. ಮೊದಲು ಕಿಟಕಿಯಿಂದ ಕೈ ಹೊರಗೆ ಚಾಚಿ ಮಳೆ ನೋಡುತ್ತಿದ್ದೆವು. ಈಗ ನೆನೆಯುತ್ತಾ ನಿಂತು "ಶೇಕಡಾ 40 ಅಂತಿದೆ" ಅನ್ನುತ್ತಾರೆ. ಮಗ ಫಾರಿನ್‌ನಲ್ಲಿದ್ದರಂತೂ ಮುಗಿದೇ ಹೋಯಿತು. ಮೈ ಕಲಬುರಗಿಯಲ್ಲಿ, ಚಳಿ ಅಲ್ಲಿಂದ.

"ಹಾಗಾದರೆ ಮೇ ತಿಂಗಳಲ್ಲಿ ನಮ್ಮ ಬಿಸಿಲಿಗೆ ನಿಮ್ಮ ಮಗ ಅಲ್ಲಿ ಬರೀ ಬನಿಯನ್‌ನಲ್ಲಿ ಓಡಾಡಬೇಕು ಕಾಕಾ" ಅಂದೆ.

"ನಗಬೇಡ. ಅದು ಸುಮ್ನೆ ಬೀಳೋ ಹಿಮ ಅಲ್ಲ, ಕೆರೆ ತರೋ ಹಿಮ. ಊರ ಪಕ್ಕದಲ್ಲೇ ಈರಿ ಅಂತ ಕೆರೆ."

ಬಸ್ಯಾ ಅಪ್ಪನ ಕೆರೆ ಕಡೆ ನೋಡಿದ. "ನಮ್ಮಲ್ಲೂ ಕೆರೆ ಇದೆಯಲ್ಲ. ಒಂದು ಹಿಡಿ ಉದುರಿಸಿದ್ದರೆ ಇದರ ಗಂಟೇನು ಹೋಗುತ್ತಿತ್ತು?"

"ಅದರ ಉದ್ದ 388 ಕಿಲೋಮೀಟರ್ ಕಣೋ. ಇಲ್ಲಿಂದ ಹೈದರಾಬಾದ್ ಮುಟ್ಟಿ, ವಾಪಸ್ ಮುಕ್ಕಾಲು ದಾರಿ ಬಂದಷ್ಟು."

ನಾನು ಮೆಹಬೂಬನ ಚಹಾ ಎಳೆದುಕೊಂಡೆ. "ಇದು ಈರಿ. ಬೇಸಿಗೆಯ ಬಿಸಿ ನೀರಲ್ಲಿ ಇನ್ನೂ ಉಳಿದಿದೆ. ನಾನು ಕೆನಡಾ ಕಡೆಯ ಒಣ ಗಾಳಿ." ಊದಿದೆ. ಹಬೆ ಹೋಗಿ ಎದುರಿಗಿದ್ದ ಮೆಹಬೂಬನ ಚಷ್ಮಾ ಮಂಜಾಯಿತು. "ಇವನು ಬಫಲೋ."

"ನನ್ನ ಚಷ್ಮಾಕ್ಕೆ ಏನೂ ಆಗಲಿಲ್ಲ" ಅಂದ, ಅವನ ಪಕ್ಕದಲ್ಲೇ ಇದ್ದ ಬಸ್ಯಾ.

"ಅದೇ ಅಲ್ವಾ ಮಜಾ? 2014ರ ನವೆಂಬರ್‌ನಲ್ಲಿ ಬಫಲೋದ ದಕ್ಷಿಣಕ್ಕೆ ಐದಡಿಗಿಂತ ಜಾಸ್ತಿ ಬಿತ್ತು. ಕೆಲವೇ ಕಿಲೋಮೀಟರ್ ಉತ್ತರಕ್ಕೆ ಬರೀ ಬೆರಳುದ್ದ."

"ಮೇಲಿನ ಗಾಳಿ ನೀರಿಗಿಂತ 13 ಡಿಗ್ರಿಯಾದರೂ ತಣ್ಣಗಿರಬೇಕು" ಕಾಕಾ ಸೇರಿಸಿದರು. ಎಲ್ಲಾ ಓದಿಕೊಂಡಿದ್ದಾರೆ.

"ನಮ್ಮ ಗಾಳಿ?"

"ನಮ್ಮದಕ್ಕೆ ಕೆನಡಾ ಎಲ್ಲಿ ಗೊತ್ತು ಬಸ್ಯಾ? ಬೀದರ್ ತನಕ ಹೋಗಿ ಸ್ವಲ್ಪ ನಡುಗಿ ಬರುತ್ತದೆ, ಅಷ್ಟೇ."

"ಅಲ್ಲಿ ಎಷ್ಟು ದಿನ ಹೀಗೆ, ಕಾಕಾ?"

"ಕೆರೆ ಹೆಪ್ಪುಗಟ್ಟೋ ತನಕ."

ಅಷ್ಟರಲ್ಲಿ ಚಹಾದ ಮೇಲೆ ಕೆನೆ ಕಟ್ಟಿತ್ತು. ಮತ್ತೆ ಊದಿದೆ. ಹಬೆ ಏಳಲಿಲ್ಲ. "ನೋಡಿ, ಮುಚ್ಚಳ ಬಿತ್ತು. ಈರಿ ಆಳ ಕಡಿಮೆ, ಬೇಗ ಕೆನೆ ಕಟ್ಟುತ್ತದೆ."

"ನಿನ್ನ ಉಗುಳು ಬಿದ್ದ ಈರಿ ನೀನೇ ಕುಡಿ" ಅಂದ ಮೆಹಬೂಬ್. "ನನಗೆ ಬೇರೆ ಚಹಾ ಹೇಳು."

ಬಸ್ಯಾ ಬಿಡಲಿಲ್ಲ. "ಆ್ಯಪ್ ಯಾಕ್ರಿ ಕಾಕಾ? ಮಗನಿಗೇ ಫೋನ್ ಮಾಡಿ ಕೇಳಬಹುದಲ್ಲ?"

"ಅವನು ಭಾನುವಾರ ಮಾಡ್ತಾನೆ."

ಅವತ್ತು ಬುಧವಾರ. ಯಾರೂ ಮಾತಾಡಲಿಲ್ಲ. ಕಾಕಾ ಮತ್ತೊಮ್ಮೆ ಮೊಬೈಲ್ ನೋಡಿದರು.

"ಹಿಮ ನಿಂತಿತು. ಅಲ್ಲೀಗ ರಾತ್ರಿ ಹನ್ನೊಂದೂವರೆ. ಮಲಗಿರ್ತಾನೆ."

ಮಂಕಿ ಕ್ಯಾಪು ತೆಗೆದರು. ತಲೆಯೆಲ್ಲ ಬೆವರಿತ್ತು.