ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿದ ಮೇಲೆ ಗೇಮ್ ನಡುವೆ ಪಿಸಿ ರೀಸ್ಟಾರ್ಟ್, ಸ್ಟ್ರೆಸ್ ಟೆಸ್ಟ್‌ನಲ್ಲಿ ಮಾತ್ರ ಏನೂ ಆಗಲ್ಲ

ಕಪ್ಪುಪರದೆ

120 ವ್ಯಾಟ್‌ನ ಹಳೇ ಕಾರ್ಡ್ ತೆಗೆದು 220 ವ್ಯಾಟ್‌ನದು ಹಾಕಿದ್ದೀನಿ. ಬ್ರೌಸರ್, ವಿಡಿಯೋ ಎಲ್ಲ ಸರಿ. ಗೇಮ್ ಶುರು ಮಾಡಿದ 5ರಿಂದ 20 ನಿಮಿಷದೊಳಗೆ ಪರದೆ ಕಪ್ಪಾಗಿ, ಪಿಸಿ ತಾನಾಗೇ ರೀಸ್ಟಾರ್ಟ್ ಆಗುತ್ತೆ. ವಿಂಡೋಸ್ ಕ್ರ್ಯಾಶ್ ಆದಾಗ ಕಾಣೋ ನೀಲಿ ಪರದೆ ಬರಲ್ಲ.

ಡ್ರೈವರ್ ಎರಡು ಸಲ ತೆಗೆದು ಹಾಕಿ ಆಯ್ತು. ರ್‍ಯಾಮ್ ಪರೀಕ್ಷಿಸೋ ಮೆಮ್‌ಟೆಸ್ಟ್ 4 ಸುತ್ತು ಓಡಿಸಿದೆ, ಒಂದೂ ಎರರ್ ಇಲ್ಲ. ಕಾರ್ಡ್ 68 ಡಿಗ್ರಿ ದಾಟಲ್ಲ. ಹಳೇ ಕಾರ್ಡ್ ವಾಪಸ್ ಹಾಕಿದರೆ ಎಲ್ಲ ಸರಿಹೋಗುತ್ತೆ. ಅರ್ಥ ಆಗದೇ ಇರೋದು ಒಂದೇ: ಕಾರ್ಡಿಗೆ ಪೂರ್ತಿ ಭಾರ ಹಾಕೋ ಸ್ಟ್ರೆಸ್ ಟೆಸ್ಟ್ ಫರ್‌ಮಾರ್ಕ್ ಅರ್ಧ ಗಂಟೆ ಓಡಿಸಿದರೂ ಪಿಸಿ ಜಗ್ಗಲ್ಲ!

ಎಸ್‌ಎಂಪಿಎಸ್ (ಪಿಸಿಗೆ ಕರೆಂಟ್ ಕೊಡೋ ಡಬ್ಬ) 550 ವ್ಯಾಟ್, 6 ವರ್ಷ ಹಳೇದು. ಪ್ರೊಸೆಸರ್ 65 ವ್ಯಾಟ್‌ನದು. ಕಾರ್ಡೇ ಡಿಫೆಕ್ಟ್ ಅಂತ ವಾಪಸ್ ಕಳಿಸಿಬಿಡಲಾ?

ತಿರುಪುಳಿ

ಕಳಿಸೋ ಮುಂಚೆ ಪಿಸಿ ಹೇಗೆ ಸಾಯ್ತಿದೆ ಅನ್ನೋದನ್ನ ಖಚಿತ ಮಾಡ್ಕೊಳ್ಳಿ. ವಿಂಡೋಸ್ ತನ್ನ ಲಾಗ್ ತೋರಿಸೋ ಇವೆಂಟ್ ವ್ಯೂವರ್ ತೆರೆದು, ವಿಂಡೋಸ್ ಲಾಗ್ಸ್ ಕೆಳಗೆ ಸಿಸ್ಟಮ್‌ಗೆ ಹೋಗಿ. ರೀಸ್ಟಾರ್ಟ್ ಆದ ಹೊತ್ತಿಗೆ ಕರ್ನಲ್-ಪವರ್ 41 ಅಂತ ಒಂದು ಎಂಟ್ರಿ ಇದ್ದೇ ಇರುತ್ತೆ. ಬರೀ 41 ನೋಡಿ ಗಾಬರಿ ಬೀಳಬೇಡಿ, ಸರಿಯಾಗಿ ಶಟ್‌ಡೌನ್ ಆಗದೆ ಪಿಸಿ ಎದ್ದಾಗೆಲ್ಲ ಅದು ಬರುತ್ತೆ. ಅದರ ಡೀಟೇಲ್ಸ್ ಟ್ಯಾಬ್‌ನಲ್ಲಿ ಬಗ್‌ಚೆಕ್‌ಕೋಡ್ ಎಷ್ಟಿದೆ ನೋಡಿ. ಅಲ್ಲಿ 0 ಅಲ್ಲದೆ ಬೇರೆ ಅಂಕಿ ಇದ್ದರೆ ವಿಂಡೋಸ್ ಕ್ರ್ಯಾಶ್ ಆಗಿದೆ ಅಂತ ಅರ್ಥ, ಆಗ ಡ್ರೈವರ್, ರ್‍ಯಾಮ್ ಕಡೆ ಹುಡುಕಬೇಕು. 0 ಇದ್ದರೆ ವಿಂಡೋಸ್‌ಗೆ ಏನನ್ನೂ ಬರೆದಿಡೋಕೆ ಸಮಯವೇ ಸಿಕ್ಕಿಲ್ಲ. ಹೆಚ್ಚಿನ ಸಲ ಕರೆಂಟ್ ಕೈಕೊಟ್ಟಾಗಲೇ ಹೀಗಾಗೋದು.

ಜೊತೆಗೆ ವಿಂಡೋಸ್‌ನ ಸ್ಟಾರ್ಟಪ್ ಆಂಡ್ ರಿಕವರಿ ಸೆಟ್ಟಿಂಗ್‌ನಲ್ಲಿ ಆಟೋಮ್ಯಾಟಿಕಲಿ ರೀಸ್ಟಾರ್ಟ್ ಟಿಕ್ ತೆಗೆದುಬಿಡಿ. ನೀಲಿ ಪರದೆ ಕಣ್ಣಿಗೆ ಬೀಳದೆ ಹಾದುಹೋಗ್ತಿದ್ದರೆ ಇನ್ನು ಮುಂದೆ ನಿಲ್ಲುತ್ತೆ.

ಕಪ್ಪುಪರದೆ

ನೋಡಿದೆ. ಆರು ಸಲ 41 ಇದೆ, ಆರರಲ್ಲೂ ಬಗ್‌ಚೆಕ್‌ಕೋಡ್ 0. ಟಿಕ್ ತೆಗೆದ ಮೇಲೂ ನೀಲಿ ಪರದೆ ಬರಲಿಲ್ಲ, ರೀಸ್ಟಾರ್ಟೇ ಆಯ್ತು.

ಹನ್ನೆರಡುವೋಲ್ಟ್

ಹಾಗಾದರೆ ಮೂರನೇ ಸಲ ಡ್ರೈವರ್ ಹಾಕೋ ಶ್ರಮ ಬೇಡ. ಎಸ್‌ಎಂಪಿಎಸ್ ಪಕ್ಕದ ಲೇಬಲ್ ಓದಿ. ದೊಡ್ಡದಾಗಿ ಬರೆದ 550 ಬಿಡಿ, +12V ಕಾಲಮ್‌ನಲ್ಲಿ ಎಷ್ಟು ಆಂಪಿಯರ್ ಇದೆ ನೋಡಿ. 36 ಆಂಪಿಯರ್ ಇದ್ದರೆ 36 × 12 = 432 ವ್ಯಾಟ್. ಕಾರ್ಡಿಗೂ ಪ್ರೊಸೆಸರ್‌ಗೂ ಸಿಗೋದು ಅಷ್ಟೇ. ಮಿಕ್ಕಿದ್ದು 3.3 ಮತ್ತು 5 ವೋಲ್ಟ್ ಲೆಕ್ಕದಲ್ಲಿ ಕೂತಿರುತ್ತೆ, ಗೇಮ್‌ಗೆ ಅದರಿಂದ ಉಪಯೋಗ ಇಲ್ಲ.

ಈಗ ಫರ್‌ಮಾರ್ಕ್ ಒಗಟಿಗೆ ಬರೋಣ. ಫರ್‌ಮಾರ್ಕ್ ಭಾರ ಸಮನಾಗಿರುತ್ತೆ: ಕಾರ್ಡ್ ತನ್ನ 220 ವ್ಯಾಟ್ ಮಿತಿಗೆ ಹೋಗಿ ಅಲ್ಲೇ ಕೂರುತ್ತೆ. ಅದಕ್ಕೆ ಪ್ರೊಸೆಸರ್‌ನ 90 (65 ಅಂತ ಬರೆದಿದ್ದರೂ ಪೂರ್ತಿ ಭಾರದಲ್ಲಿ ಅಷ್ಟು ಎಳೆಯಬಹುದು), ಬೋರ್ಡ್, ಫ್ಯಾನ್, ಡಿಸ್ಕ್ ಸೇರಿ ಒಂದು 50 ಕೂಡಿಸಿದರೂ 360. ಎಸ್‌ಎಂಪಿಎಸ್ ಏದುಸಿರು ಬಿಡುತ್ತಾ ಎಳೆಯುತ್ತೆ. ಗೇಮ್‌ನಲ್ಲಿ ಹಾಗಲ್ಲ. ಒಂದು ಫ್ರೇಮ್ ಹಗುರ, ಮುಂದಿನದು ಭಾರ. ಲೋಡಿಂಗ್ ಪರದೆಯಿಂದ ಆಟಕ್ಕೆ ಜಿಗಿದ ಆ ಕ್ಷಣ ಕಾರ್ಡ್ ಒಂದೆರಡು ಮಿಲಿಸೆಕೆಂಡ್‌ಗೆ ತನ್ನ ಮಿತಿಯ ಹೆಚ್ಚುಕಮ್ಮಿ ಎರಡು ಪಟ್ಟು ಎಳೆಯಬಹುದು. 220ರ ಜಾಗದಲ್ಲಿ 400 ಇಟ್ಟು ಮತ್ತೆ ಕೂಡಿ ನೋಡಿ. ಸೆಕೆಂಡಿಗೊಮ್ಮೆ ಅಳೆಯೋ ಸಾಫ್ಟ್‌ವೇರ್‌ನಲ್ಲಿ ಇದು ಕಾಣೋದೇ ಇಲ್ಲ.

ಒಳ್ಳೆ ಎಸ್‌ಎಂಪಿಎಸ್ ಇಂಥ ಏಟನ್ನ ಕೆಪಾಸಿಟರ್‌ಗಳಲ್ಲಿ ನುಂಗಿಕೊಳ್ಳುತ್ತೆ. 6 ವರ್ಷ ಬಿಸಿಯಲ್ಲಿ ಬೆಂದ ಕೆಪಾಸಿಟರ್‌ಗಳಿಗೆ ಆ ತ್ರಾಣ ಇರಲ್ಲ. 12 ವೋಲ್ಟ್ ಕುಸಿದು, ಕರೆಂಟ್ ಸರಿಯಿದೆ ಅಂತ ಬೋರ್ಡಿಗೆ ಹೇಳೋ ಪವರ್ ಗುಡ್ ಸಿಗ್ನಲ್ ತಪ್ಪಿ, ಮದರ್‌ಬೋರ್ಡ್ ರೀಸೆಟ್ ಆಗುತ್ತೆ. ಪಿಸಿ ತಾನಾಗೇ ಏಳ್ತಿದೆ ಅಂದಿರಲ್ಲ, ಅದೂ ಒಂದು ಸುಳಿವು. ಪ್ರೊಟೆಕ್ಷನ್ ಬಿದ್ದು ಲಾಕ್ ಆಗಿದ್ದರೆ ಹಿಂದಿನ ಸ್ವಿಚ್ ಆಫ್ ಮಾಡಿ ಆನ್ ಮಾಡೋವರೆಗೂ ಸಾಮಾನ್ಯವಾಗಿ ಏಳಲ್ಲ.

ಖರ್ಚಿಲ್ಲದ ಪರೀಕ್ಷೆ: ಕಾರ್ಡ್ ಸೆಟ್ಟಿಂಗ್ ಬದಲಿಸೋ ಆಫ್ಟರ್‌ಬರ್ನರ್ ಸಾಫ್ಟ್‌ವೇರ್‌ನಲ್ಲಿ ಪವರ್ ಲಿಮಿಟ್ 70%ಗೆ ಇಳಿಸಿ (154 ವ್ಯಾಟ್ ಆಗುತ್ತೆ), ಫ್ರೇಮ್ ಸೆಕೆಂಡಿಗೆ 60ಕ್ಕೆ ಕಟ್ಟಿ, ಅದೇ ಗೇಮ್ 2 ಗಂಟೆ ಆಡಿ. ರೀಸ್ಟಾರ್ಟ್ ಆಗೋದು ನಿಂತರೆ ಕಾರ್ಡ್ ಮೇಲಿನ ಅನುಮಾನ ತುಂಬಾ ಕಮ್ಮಿ ಆಗುತ್ತೆ.

ಇನ್ನೊಂದು. ಕಾರ್ಡಿಗೆ 8 ಪಿನ್‌ನ ಪವರ್ ಸಾಕೆಟ್ ಎಷ್ಟು? ಎರಡಿದ್ದರೆ, ಒಂದೇ ಕೇಬಲ್‌ನ ಎರಡು ತಲೆ ಚುಚ್ಚಿದ್ದೀರಾ?

ನಿಂತನೀರು

ನಡುವೆ ಬಂದೆ, ಕ್ಷಮಿಸಿ. ನನ್ನದೂ ಹೊಸ ಕಾರ್ಡೇ. ಆದರೆ ರೀಸ್ಟಾರ್ಟ್ ಆಗಲ್ಲ. ಪರದೆ ಎರಡು ಮೂರು ಸೆಕೆಂಡ್ ಕಪ್ಪಾಗಿ ವಾಪಸ್ ಬರುತ್ತೆ, ಗೇಮ್ ಮಾತ್ರ ಮುಚ್ಚಿಹೋಗುತ್ತೆ. ಕಾರ್ಡನ್ನ ರೈಸರ್ ಕೇಬಲ್‌ನಲ್ಲಿ (ಬೋರ್ಡಿನ ಸ್ಲಾಟಿಗೂ ಕಾರ್ಡಿಗೂ ನಡುವಿನ ಕೇಬಲ್) ನೆಟ್ಟಗೆ ನಿಲ್ಲಿಸಿದ್ದೀನಿ. ಇದೂ ಎಸ್‌ಎಂಪಿಎಸ್ಸೇನಾ?

ತಿರುಪುಳಿ

ನಿಮ್ಮ ರೋಗ ಬೇರೆ. ಕಾರ್ಡ್ 2 ಸೆಕೆಂಡ್ ಉತ್ತರ ಕೊಡದಿದ್ದರೆ ವಿಂಡೋಸ್ ಅದರ ಡ್ರೈವರನ್ನ ಕೆಡವಿ ಮತ್ತೆ ಎಬ್ಬಿಸುತ್ತೆ. ನೀವು ನೋಡ್ತಿರೋದು ಅದನ್ನೇ. ಲಾಗ್‌ನಲ್ಲಿ ಡಿಸ್‌ಪ್ಲೇ 4101 ಇರಬೇಕು. ಈ 2 ಸೆಕೆಂಡನ್ನ ರಿಜಿಸ್ಟ್ರಿಯಲ್ಲಿ 8, 10 ಮಾಡಿ ಅನ್ನೋ ಸಲಹೆ ಎಲ್ಲ ಕಡೆ ಸಿಗುತ್ತೆ. ಮಾಡಬೇಡಿ, ಮೂಲ ದೋಷ ಹಾಗೇ ಇರುತ್ತೆ, ಪರದೆ ಇನ್ನಷ್ಟು ಹೊತ್ತು ಅಲ್ಲಾಡದೆ ನಿಲ್ಲುತ್ತೆ ಅಷ್ಟೇ.

ಅದೇ ಲಾಗ್‌ನಲ್ಲಿ ಡಬ್ಲ್ಯೂಎಚ್‌ಇಎ-ಲಾಗರ್ 17 (ಹಾರ್ಡ್‌ವೇರ್ ದೋಷದ ಎಂಟ್ರಿ) ಸಾಲುಸಾಲಾಗಿ ಇದ್ದರೆ ಮೊದಲ ಅನುಮಾನ ರೈಸರ್ ಮೇಲೆ. ಸ್ಲಾಟಿನ ಮೂರನೇ ಪೀಳಿಗೆಯ ವೇಗಕ್ಕೆ, ಅಂದರೆ ಜೆನ್ 3ಗೆ ಮಾಡಿದ ಕೇಬಲ್‌ನಲ್ಲಿ ಜೆನ್ 4 ಕಾರ್ಡ್ ಓಡಿಸಿದರೆ ಸಿಗ್ನಲ್ ಕೆಡುತ್ತೆ. ಬಯೋಸ್‌ನಲ್ಲಿ ಆ ಸ್ಲಾಟನ್ನ ಆಟೋದಿಂದ ಜೆನ್ 3ಗೆ ಇಳಿಸಿ. x16 (16 ಲೇನ್‌ನ) ಕಾರ್ಡಾದರೆ ವೇಗದಲ್ಲಿ ವ್ಯತ್ಯಾಸ ಗೊತ್ತಾಗೋದೇ ಕಷ್ಟ. ಅದರಿಂದ ನಿಂತರೆ ಅಲ್ಲಿಗೆ ಮುಗೀತು. ನಿಲ್ಲದಿದ್ದರೆ ರೈಸರ್ ತೆಗೆದು ಕಾರ್ಡನ್ನ ನೇರ ಬೋರ್ಡಿಗೆ ಹಾಕಿ ನೋಡಿ.

17 ಇಲ್ಲವೇ ಇಲ್ಲ ಅಂದರೆ ಆಗ ಡ್ರೈವರ್. ಇಂಟರ್ನೆಟ್ ಕಿತ್ತು, ಸೇಫ್ ಮೋಡ್‌ಗೆ ಹೋಗಿ, ಡಿಡಿಯು (ಹಳೇ ಡ್ರೈವರ್ ಪೂರ್ತಿ ಅಳಿಸೋ ಸಾಫ್ಟ್‌ವೇರ್) ಓಡಿಸಿ, ಮೊದಲೇ ಇಳಿಸಿಟ್ಟ ಡ್ರೈವರ್ ಹಾಕಿ, ಆಮೇಲೆ ಇಂಟರ್ನೆಟ್ ಕೊಡಿ. ಇಂಟರ್ನೆಟ್ ಕೀಳದಿದ್ದರೆ ನೀವು ಹಾಕೋ ಮುಂಚೆ ವಿಂಡೋಸ್ ಅಪ್‌ಡೇಟ್ ತನ್ನದೊಂದು ಡ್ರೈವರ್ ತಂದು ತುರುಕುತ್ತೆ. ಅದಕ್ಕೂ ಬಗ್ಗದಿದ್ದರೆ ಕೋರ್ ಕ್ಲಾಕ್ 50 ಮೆಗಾಹರ್ಟ್ಸ್ ಇಳಿಸಿ. ಫ್ಯಾಕ್ಟರಿಯಲ್ಲೇ ಓವರ್‌ಕ್ಲಾಕ್ ಮಾಡಿದ ಕಾರ್ಡ್ ಅಷ್ಟಕ್ಕೇ ಸರಿಹೋದರೆ ಅದನ್ನ ವಾರಂಟಿಗೆ ಕಳಿಸೋದು ನ್ಯಾಯ.

ಕಪ್ಪುಪರದೆ

ಲೇಬಲ್‌ನಲ್ಲಿ +12V 34 ಆಂಪಿಯರ್, ಅಂದರೆ 408 ವ್ಯಾಟ್. 8 ಪಿನ್ ಎರಡು, ಎರಡನ್ನೂ ಒಂದೇ ಕೇಬಲ್‌ನಿಂದ ಕೊಟ್ಟಿದ್ದೆ.

70%ನಲ್ಲಿ 2 ಗಂಟೆ ಆಡಿದೆ, ಏನೂ ಆಗಲಿಲ್ಲ. 100%ಗೆ ಏರಿಸಿದ ಹನ್ನೆರಡನೇ ನಿಮಿಷಕ್ಕೆ ರೀಸ್ಟಾರ್ಟ್. ಆಮೇಲೆ ಎರಡು ಬೇರೆ ಬೇರೆ ಕೇಬಲ್ ಕೊಟ್ಟು 100%ನಲ್ಲೇ ಬಿಟ್ಟೆ. ಒಂದು ಗಂಟೆ ತಡೀತು, ಕೊನೆಗೆ ಲೋಡಿಂಗ್ ಮುಗಿದ ಕ್ಷಣಕ್ಕೇ ಹೋಯ್ತು. ಮಲ್ಟಿಮೀಟರ್‌ನಲ್ಲಿ ಗೇಮ್ ನಡೀವಾಗ 11.7 ತೋರಿಸುತ್ತೆ. 11.4ರ ಮೇಲಿದೆಯಲ್ಲ, ಸರಿಯಿದೆ ಅಂತ ತಾನೇ?

ಹನ್ನೆರಡುವೋಲ್ಟ್

5% ಲೆಕ್ಕದಲ್ಲಿ 11.4ರಿಂದ 12.6 ಸರಿ, ಹೌದು. ಆದರೆ ಮಲ್ಟಿಮೀಟರ್ ಸರಾಸರಿ ತೋರಿಸುತ್ತೆ. ಮಿಲಿಸೆಕೆಂಡ್ ಕುಸಿತ ಅದರ ಕಣ್ಣಿಗೆ ಬೀಳಲ್ಲ, ಅದಕ್ಕೆ ಆಸಿಲೋಸ್ಕೋಪೇ ಬೇಕು. 11.4ಕ್ಕಿಂತ ಕೆಳಗಿದ್ದರೆ ಎಸ್‌ಎಂಪಿಎಸ್ ಕೆಟ್ಟಿದೆ ಅಂತ ಹೇಳಬಹುದು, ಮೇಲಿದೆ ಅಂದ ಮಾತ್ರಕ್ಕೆ ಚೆನ್ನಾಗಿದೆ ಅಂತ ಹೇಳೋಕಾಗಲ್ಲ.

ಕಾರ್ಡ್ ಇಟ್ಕೊಳ್ಳಿ. ಎಸ್‌ಎಂಪಿಎಸ್ 750 ವ್ಯಾಟ್‌ನದು ತಗೊಳ್ಳಿ, ಎಟಿಎಕ್ಸ್ 3.0 (ಎಸ್‌ಎಂಪಿಎಸ್‌ಗಳ ಸ್ಪೆಕ್) ಅಥವಾ ಅದಕ್ಕಿಂತ ಹೊಸದು. ಆ ಸ್ಪೆಕ್‌ನಲ್ಲಿ ಈ ಕ್ಷಣಿಕ ಎಳೆತಕ್ಕೆಂದೇ ನಿಯಮ ಇದೆ, 100 ಮೈಕ್ರೋಸೆಕೆಂಡ್ ಕಾಲ ತನ್ನ ರೇಟಿಂಗ್‌ನ 200% ತಡೆದುಕೊಳ್ಳಬೇಕು. ಅಲ್ಲಿವರೆಗೆ 70%ನಲ್ಲೇ ಆಡಿ.

ಕಪ್ಪುಪರದೆ

ಆರ್ಡರ್ ಮಾಡ್ತೀನಿ. ಈಗಿರೋದು ಮಾಡ್ಯುಲರ್, ಕೇಬಲ್‌ಗಳನ್ನ ಡಬ್ಬದಿಂದ ಬಿಚ್ಚಬಹುದು. ಕೇಬಲ್‌ಗಳನ್ನ ಕೇಸ್ ಹಿಂದೆ ಕಟ್ಟಿ ನೀಟಾಗಿ ಇಟ್ಟಿದ್ದೀನಿ, ಡಬ್ಬ ಮಾತ್ರ ಬದಲಾಯಿಸಿದರೆ ಸಾಕಲ್ವಾ?

ಹನ್ನೆರಡುವೋಲ್ಟ್

ಖಂಡಿತ ಬೇಡ! ಕಾರ್ಡ್ ಕಡೆ, ಬೋರ್ಡ್ ಕಡೆ ಪಿನ್ ಜೋಡಣೆ ಎಲ್ಲ ಕಂಪನಿಗೂ ಒಂದೇ, ಎಸ್‌ಎಂಪಿಎಸ್ ಕಡೆ ಹಾಗಿಲ್ಲ. ಒಂದೇ ಕಂಪನಿಯ ಎರಡು ಮಾಡೆಲ್‌ಗಳಲ್ಲೂ ಬೇರೆ ಇರಬಹುದು. ಪ್ಲಗ್ ಕೂರುತ್ತೆ, 12 ವೋಲ್ಟ್ ಹೋಗಿ ನೆಲದ ಪಿನ್‌ಗೋ 5 ವೋಲ್ಟ್‌ಗೋ ತಾಗುತ್ತೆ, ಡಿಸ್ಕ್‌ಗಳು ಆನ್ ಮಾಡಿದ ಕೂಡಲೇ ಸುಟ್ಟುಹೋಗುತ್ತವೆ. ಹಳೇ ಕೇಬಲ್ ಒಂದೂ ಬಿಡದೆ ತೆಗೀರಿ, ಸಾಟಾ ಪವರ್ ಕೇಬಲ್ ಸೇರಿ. ಹೊಸ ಡಬ್ಬದಲ್ಲಿ ಬಂದಿದ್ದನ್ನೇ ಹಾಕಿ, 8 ಪಿನ್ ಎರಡಕ್ಕೂ ಬೇರೆ ಬೇರೆ ಕೇಬಲ್. 6+2 ಅಂತ ಎರಡು ತುಂಡಾಗಿರೋ 8 ಪಿನ್ ಪ್ಲಗ್‌ನಲ್ಲಿ ಆ 2 ಪಿನ್ ತುಂಡು ಜಾರಿ ಅರ್ಧಕ್ಕೇ ನಿಲ್ಲೋದು ಮಾಮೂಲು. ಎರಡನ್ನೂ ಕೈಯಲ್ಲಿ ಜೋಡಿಸಿ ಹಿಡಿದು ಒತ್ತಿ, ಕೊಕ್ಕೆ ಟಕ್ ಅನ್ನಬೇಕು.