ಹೊಡೆಯುವುದನ್ನು ಮಗು ಎಲ್ಲಿಂದ ಕಲಿಯುತ್ತದೆ? ಅನುಭವ ಇದ್ದವರು ಹೇಳಿ

ಪ್ರಶ್ನೆ (ಕುಂಜಿಬೆಟ್ಟು, ಉಡುಪಿ): ಮಗನಿಗೆ ನಾಲ್ಕೂವರೆ ವರ್ಷ, ಎಲ್‌ಕೆಜಿ. ಇತ್ತೀಚೆಗೆ ಅವನ ಆಟದ ಸಾಮಾನು ಯಾರಾದರೂ ಮುಟ್ಟಿದರೆ ಸಾಕು, ಬೆರಳು ತೋರಿಸಿ "ಬಿಡುದಿಲ್ಲ ನಿನ್ನನ್ನು" ಎಂದು ತಲೆಗೇ ಹೊಡೆಯುತ್ತಾನೆ. ಮನೆಯಲ್ಲಿ ಹೀಗೆ ಮಾಡುವವರು ಯಾರೂ ಇಲ್ಲ. ಎಲ್ಲ ಮೊಬೈಲ್ ಕಾರ್ಟೂನಿನಿಂದ ಅಂತ ಅತ್ತೆ. ಎರಡು ಬಿಗಿದರೆ ಸರಿಯಾಗುತ್ತಾನೆ ಅಂತ ಗಂಡ. ಎಂತ ಮಾಡುವುದು?

ಕದ್ರಿಯಿಂದ: ಮೊದಲು ಆ ಡೈಲಾಗ್ ಯಾರದ್ದು ಅಂತ ಹುಡುಕಿ. ಮಕ್ಕಳು ಪೆಟ್ಟನ್ನು ಮಾತ್ರ ಕಲಿಯುವುದಿಲ್ಲ, ಹೊಡೆಯುವವರ ಸ್ಟೈಲನ್ನೂ ಎತ್ತಿಕೊಂಡು ಬರುತ್ತಾರೆ. ನನ್ನ ಅಕ್ಕನ ಮಗ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಊಟದ ಬಟ್ಟಲನ್ನೇ ಸ್ಟೀರಿಂಗ್ ಮಾಡಿ "ಪೋಂ ಪೋಂ" ಅನ್ನುತ್ತಿದ್ದ. ಅಲ್ಲಿವರೆಗೆ ಚಂದ. ಆಮೇಲೆ ಬಲಗೈ ಹೊರಗೆ ಹಾಕಿ, ಕುತ್ತಿಗೆ ಉದ್ದ ಮಾಡಿ, ಎದುರಿಗೆ ಇಲ್ಲದ ಸ್ಕೂಟರಿನವನಿಗೆ ಒಂದು ಬೈಗುಳ. ಅದೂ ತುಳುವಿನಲ್ಲಿ, ಇಲ್ಲಿ ಬರೆಯುವ ಹಾಗಿಲ್ಲ. ಮನೆಯವರೆಲ್ಲ ಕೊಂಕಣಿ ಮಾತಾಡುವವರು ಮಾರಾಯ್ರೆ! ಅವನ ಶಾಲೆಯ ವ್ಯಾನ್ ದಿನಾ ನಂತೂರು ಸರ್ಕಲ್‌ನಲ್ಲಿ ಸಿಕ್ಕಿಬೀಳುತ್ತಿತ್ತು. ಪಾಠ ಅಲ್ಲಿ ನಡೆಯುತ್ತಿತ್ತು.

ಮಣಿಪಾಲದಿಂದ: ನಾನು ಸೈಕಾಲಜಿ ಪಾಠ ಮಾಡುವವಳು. ನೀವು ಕೇಳಿದ ವಿಷಯಕ್ಕೆ ತುಂಬಾ ಹಳೆಯ ಒಂದು ಪ್ರಯೋಗ ಉಂಟು. 1961ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ನರ್ಸರಿ ಶಾಲೆಯ 72 ಮಕ್ಕಳ ಮೇಲೆ ಆಲ್ಬರ್ಟ್ ಬಂಡೂರ ಮತ್ತು ಇಬ್ಬರು ಸಹೋದ್ಯೋಗಿಗಳು ಮಾಡಿದ್ದು. ಮಕ್ಕಳೆಲ್ಲ ಹೆಚ್ಚುಕಮ್ಮಿ ನಿಮ್ಮ ಮಗನ ಪ್ರಾಯದವರೇ. ಬೋಬೋ ಅಂತ ಗಾಳಿ ತುಂಬಿದ ಬೊಂಬೆ, ಗುದ್ದಿದರೆ ಬಿದ್ದು ಮತ್ತೆ ಎದ್ದು ನಿಲ್ಲುತ್ತದೆ. 24 ಮಕ್ಕಳ ಎದುರು ಒಬ್ಬ ದೊಡ್ಡವರು ಅದನ್ನು ಮಲಗಿಸಿ, ಮೇಲೆ ಕೂತು, ಮೂಗಿಗೆ ಗುದ್ದಿದರು. ಸುತ್ತಿಗೆಯಿಂದ ತಲೆಗೆ ಹೊಡೆದರು, ಒದ್ದರು, ಜೊತೆಗೆ ಬೈದರು. ಇನ್ನು 24 ಮಕ್ಕಳು ನೋಡಿದ್ದು, ಬೊಂಬೆಯ ಗೊಡವೆಗೇ ಹೋಗದೆ ಬೇರೆ ಆಟಿಕೆ ಜೋಡಿಸುತ್ತಾ ಕೂತವರನ್ನು. ಉಳಿದ ಮಕ್ಕಳಿಗೆ ಏನೂ ತೋರಿಸಲಿಲ್ಲ.

ಆಮೇಲೆ ಎಲ್ಲ ಮಕ್ಕಳಿಗೂ ಚಂದದ ಆಟಿಕೆ ಕೊಟ್ಟು, ಆಟ ಶುರುವಾಗುವಷ್ಟರಲ್ಲಿ ಕಿತ್ತುಕೊಂಡರು. ಬೇಕಂತಲೇ ಸಿಟ್ಟು ಬರಿಸುವುದಕ್ಕೆ. ನಂತರ ಇನ್ನೊಂದು ಕೋಣೆಯಲ್ಲಿ 20 ನಿಮಿಷ ಬಿಟ್ಟು ಮರೆಯಿಂದ ನೋಡಿದರು. ಹೊಡೆತ ನೋಡಿದ ಮಕ್ಕಳಲ್ಲಿ ಎಷ್ಟೋ ಜನ ಅದೇ ಸುತ್ತಿಗೆ, ಅದೇ ಮೂಗು, ಅದೇ ಬೈಗುಳ! ಉಳಿದ ಎರಡು ಗುಂಪಿನಲ್ಲಿ ಹೀಗೆ ಮಾಡಿದವರು ತೀರಾ ಕಡಿಮೆ. ಅತ್ತೆಯವರ ಮಾತೂ ಪೂರ್ತಿ ತಳ್ಳಿಹಾಕುವಂಥದ್ದಲ್ಲ. 1963ರಲ್ಲಿ ಇದನ್ನೇ ಫಿಲ್ಮ್‌ನಲ್ಲಿ, ಮತ್ತೆ ಬೆಕ್ಕಿನ ವೇಷ ಹಾಕಿದವರಿಂದ ಕಾರ್ಟೂನಿನ ಹಾಗೆ ಮಾಡಿಸಿ ತೋರಿಸಿದಾಗಲೂ ಮಕ್ಕಳು ಅನುಕರಿಸಿದರು.

ನಿಮ್ಮ ಗಂಡನಿಗೆ ಓದಿ ಹೇಳಬೇಕಾದದ್ದು 1965ರದ್ದು. ಈ ಸಲ ಫಿಲ್ಮ್‌ಗೆ ಮೂರು ಬಗೆಯ ಕೊನೆ ಇತ್ತು. ಒಂದರಲ್ಲಿ ಹೊಡೆದವನಿಗೆ ತಿಂಡಿ, ಶಹಬ್ಬಾಸ್. ಇನ್ನೊಂದರಲ್ಲಿ ಬೈಗುಳ, ಸುರುಳಿ ಸುತ್ತಿದ ಮ್ಯಾಗಜೀನಿನಿಂದ ಪೆಟ್ಟು. ಮೂರನೆಯದರಲ್ಲಿ ಏನೂ ಇಲ್ಲ. ಪೆಟ್ಟು ತಿಂದದ್ದನ್ನು ನೋಡಿದ ಮಕ್ಕಳು ಕಡಿಮೆ ಅನುಕರಿಸಿದರು. ಆಹಾ, ಹಾಗಾದರೆ ಪೆಟ್ಟು ಕೆಲಸ ಮಾಡಿತಲ್ವಾ ಅಂದುಕೊಳ್ಳಬೇಡಿ. ಆಮೇಲೆ "ಅವನು ಏನೇನು ಮಾಡಿದ ತೋರಿಸು, ಜ್ಯೂಸ್, ಸ್ಟಿಕ್ಕರ್ ಕೊಡ್ತೇವೆ" ಅಂದಾಗ ಮೂರೂ ಗುಂಪಿನವರು ಒಂದೇ ಸಮ ಮಾಡಿ ತೋರಿಸಿದರು. ಎಲ್ಲರೂ ಕಲಿತೇ ಇದ್ದರು. ಹೆದರಿಕೆ ತಡೆದದ್ದು ತೋರಿಸುವುದನ್ನು ಮಾತ್ರ. ಮನೆಯಲ್ಲಿ ಬಿಗಿದರೆ ಅಪ್ಪನ ಎದುರು ನಿಲ್ಲಿಸಬಹುದು. ಶಾಲೆಯಲ್ಲಿ ಅಪ್ಪ ಇರುವುದಿಲ್ಲ. ಅಲ್ಲದೆ ದೊಡ್ಡವನು ಸಣ್ಣವನಿಗೆ ಹೇಗೆ ಹೊಡೆಯಬೇಕು ಅಂತ ಹತ್ತಿರದಿಂದ ತೋರಿಸಿಕೊಟ್ಟ ಹಾಗೂ ಆಯಿತು.

ಕಿನ್ನಿಗೋಳಿಯಿಂದ: ಸ್ವಲ್ಪ ಅಡ್ಡ ಮಾತಾಡುತ್ತೇನೆ. ಗುದ್ದುವುದಕ್ಕೇ ಮಾಡಿದ ಬೊಂಬೆಗೆ ಮಗು ಗುದ್ದಿದರೆ ಅದು ಹಿಂಸೆ ಹೇಗೆ? ನಮ್ಮ ಊರಲ್ಲಿ ಯಕ್ಷಗಾನದ ಆಟ ನೋಡಿ ಬಂದ ಮರುದಿನ ಎಲ್ಲಾ ಮಕ್ಕಳೂ ಮಹಿಷಾಸುರ. ಬೈರಾಸು ಕಟ್ಟಿಕೊಂಡು, ಕೋಲು ಹಿಡಿದು, ಜಗಲಿ ನಡುಗುವ ಹಾಗೆ ಅಬ್ಬರ. ನವರಾತ್ರಿ ಬಂದರೆ ಎಲ್ಲ ಹುಲಿಗಳು. ನನ್ನ ಮಗನೂ ಹಾಗೇ ಬೆಳೆದ, ಯಾರ ತಲೆಗೂ ಹೊಡೆದವನಲ್ಲ. ಮಹಿಷಾಸುರ ಸತ್ತು ಬಿದ್ದು, ನಗುತ್ತಾ ಎದ್ದು "ಇನ್ನು ನಾನು ದೇವಿ" ಅಂದರೆ ಅದು ಆಟ. ಎದುರಿನ ಮಗು ಅಳುವಾಗಲೂ ಕೈ ನಿಲ್ಲದಿದ್ದರೆ ಮಾತ್ರ ನಾವು ಎದ್ದು ಹೋಗಬೇಕು.

ಮಣಿಪಾಲದಿಂದ: ನಿಮ್ಮ ಮಾತು ಸರಿ. ಈ ಟೀಕೆ ಸಂಶೋಧಕರೂ ಮಾಡಿದ್ದಾರೆ. ಅದೂ ಅಲ್ಲದೆ ಬಂಡೂರ ನೋಡಿದ್ದು ಆ ಹೊತ್ತಿನ ಆಟವನ್ನು. ಆ ಮಕ್ಕಳು ಮುಂದೆ ರೌಡಿಗಳಾದರು ಅಂತ ಆ ಪ್ರಯೋಗ ಎಲ್ಲೂ ಹೇಳುವುದಿಲ್ಲ, ಜನ ಸುಮ್ನೆ ಸೇರಿಸುತ್ತಾರೆ. ಆದರೆ ಇಲ್ಲಿ ಕೇಳಿದ ಹುಡುಗ ಹೊಡೆಯುತ್ತಿರುವುದು ಬೊಂಬೆಗಲ್ಲ.

ಮಲ್ಪೆಯಿಂದ: ಅಂಗನವಾಡಿಯಲ್ಲಿ ಕೆಲಸ ಮಾಡುತ್ತೇನೆ, ಪುಸ್ತಕದ್ದು ಗೊತ್ತಿಲ್ಲ. ಒಬ್ಬ ಹೊಡೆದ ಕೂಡಲೇ ನಾವು ಕಿರುಚಿದರೆ ಇಡೀ ಕೋಣೆ ಅವನನ್ನೇ ನೋಡುತ್ತದೆ. ಅವನಿಗೂ ಅದೇ ಬೇಕು. ಹಾಗಾಗಿ ನಾನು ಅವನ ಕೈ ಹಿಡಿದು ನಿಲ್ಲಿಸಿ, ಮೊದಲು ಪೆಟ್ಟು ತಿಂದ ಮಗುವನ್ನು ಮಾತಾಡಿಸುತ್ತೇನೆ. ಅಳು ನಿಂತ ಮೇಲೆ, ಅವನ ಎದುರೇ ಇನ್ನೊಂದು ಮಗುವಿನ ಹತ್ತಿರ "ನಂಗೆ ಆ ಲಾರಿ ಬೇಕಿತ್ತು, ನಿನ್ನದಾದ ಮೇಲೆ ಕೊಡ್ತೀಯಾ?" ಅಂತ ಕೇಳಿ, ಕೈ ಚಾಚಿ ಕಾಯುತ್ತೇನೆ. ಇದನ್ನೂ ನೋಡಿಯೇ ಕಲಿಯುತ್ತಾರೆ, ಆದರೆ ನಿಧಾನ. ಬೈಗುಳದಷ್ಟು ಬೇಗ ಬರುವುದಿಲ್ಲ. ಮನೆಯಲ್ಲಿ ನೀವೂ ಗಂಡನೂ ರಿಮೋಟಿಗೆ ಹೀಗೆ ಕೇಳಿ ನೋಡಿ, ಅವನು ಅಲ್ಲೇ ಇರುವಾಗ.

ಮತ್ತೆ ಎಲ್‌ಕೆಜಿ ಟೀಚರ್ ಹತ್ತಿರ ಯಾರಿಗೆ ಹೊಡೆದ ಅಂತ ಕೇಳಬೇಡಿ, ಯಾವಾಗ ಹೊಡೆದ ಅಂತ ಕೇಳಿ. ನಮ್ಮಲ್ಲಿ ಜಗಳ ಜಾಸ್ತಿ ಆಗುವುದು ಊಟಕ್ಕೆ ಸ್ವಲ್ಪ ಮೊದಲು. ಬಟ್ಟಲು ಬೇಗ ಹಾಕಿದ ದಿನ ಅರ್ಧಕ್ಕರ್ಧ ಕಡಿಮೆ.