ಗಿಟಾರಿನ ‘ಟೋನ್’, ‘ಬ್ಲೆಂಡ್’: ಯಾವ ಮಾತು ಹೊಂದೀತು?

ಎಲ್ಲರಿಗೂ ಶರಣು.

ಸಿಂಧನೂರು ಕಡೆಯ ಆರ್ಕೆಸ್ಟ್ರಾಗಳಲ್ಲಿ ಗಿಟಾರ್ ಹಿಡಿಯುವ ಹುಡುಗರಿಗೆಂದು ಕನ್ನಡದಲ್ಲೊಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ತಂತಿ, ಮೆಟ್ಟು, ಬಿರಡೆ, ಕುದುರೆ (ತಂತಿಗಳನ್ನು ಹೊರುವ ಬ್ರಿಜ್) ಇವೆಲ್ಲ ವೀಣೆಯವರಿಂದ ಪುಕ್ಕಟೆ ಸಿಕ್ಕವು. ಗಾಡಿ ನಿಂತದ್ದು ಎಲೆಕ್ಟ್ರಿಕ್ ಗಿಟಾರಿನ ಮೈಮೇಲಿರುವ ಟೋನ್ ಮತ್ತು ಬ್ಲೆಂಡ್ ಎಂಬ ನಾಬ್‌ಗಳ ಹತ್ತಿರ. “ಟೋನ್ ಅಂತನ ಬರೀರಿ ಸರ, ಯಾರು ಬ್ಯಾಡಂತಾರ?” ಅಂದರು ಹುಡುಗರು. ನಾಬಿನ ಹೆಸರು ಟೋನ್ ಎಂದೇ ಇರಲಿ, ನನ್ನ ತಕರಾರಿಲ್ಲ. ನನಗೆ ಬೇಕಿರುವುದು ಅದನ್ನು ತಿರುವಿದಾಗ ಆಗುವ ಕೆಲಸಕ್ಕೊಂದು ಕ್ರಿಯಾಪದ ಮತ್ತು ಹೊರಡುವ ದನಿಯನ್ನು ಬಣ್ಣಿಸಲು ಒಂದೆರಡು ಗುಣವಾಚಕ.

ನಿಘಂಟು ತೆರೆದರೆ ಸ್ವರ, ನಾದ, ದನಿ ಎಂದು ಸಾಲಾಗಿ ಬರುತ್ತವೆ. ‘ಸ್ವರ’ ನಮ್ಮ ಹುಡುಗರಿಗೆ ಅಪಾಯ. ಹಾರ್ಮೋನಿಯಂ ಮುಂದೆ ಕೂತು ಸರಿಗಮ ಕಲಿತವನಿಗೆ ‘ಸ್ವರ ಇಳಿಸು’ ಅಂದರೆ ಪಂಚಮದಿಂದ ಮಧ್ಯಮಕ್ಕೆ ಬಂದುಬಿಡುತ್ತಾನೆ. ‘ದನಿ ತಗ್ಗಿಸು’ ಅಂದರೆ ವಾಲ್ಯೂಮ್ ಕಡಿಮೆ ಮಾಡುತ್ತಾನೆ, ಅದೂ ಸರಿಯೇ. ಏರಿಸು, ಇಳಿಸು, ತಗ್ಗಿಸು ಮೂರೂ ಶ್ರುತಿಗೋ ಗಟ್ಟಿತನಕ್ಕೋ ಆಗಲೇ ಬುಕ್ ಆಗಿವೆ. ‘ನಾದಗುಣ’ ಎಂಬ ಪಠ್ಯಪುಸ್ತಕದ ಪದ ಅರ್ಥದ ಮಟ್ಟಿಗೆ ಹತ್ತಿರ ಬರುತ್ತದೆ. ಆದರೆ ಜಾತ್ರೆಯ ಸ್ಟೇಜಿನ ಮೇಲೆ “ಲೇ ತಮ್ಮಾ, ನಾದಗುಣ ಬದಲಿಸೋ” ಎಂದು ಕೂಗುವವನನ್ನು ನಾನಂತೂ ಕಾಣೆ.

ಆ ನಾಬ್ ಮಾಡುವ ಕೆಲಸ ಮೊದಲು ಹೇಳಿಬಿಡುತ್ತೇನೆ, ಇಲ್ಲವಾದರೆ ಚರ್ಚೆ ಹಾದಿ ತಪ್ಪುತ್ತದೆ. ಸಾಮಾನ್ಯ ಗಿಟಾರಿನಲ್ಲಿ ಟೋನ್ ನಾಬಿನ ಕೆಳಗಿರುವುದು ಒಂದು ಪಾಟ್ (ತಿರುವಿ ಹೆಚ್ಚು ಕಡಿಮೆ ಮಾಡುವ ರೆಸಿಸ್ಟರ್), ಅದಕ್ಕೆ ಬೆಸೆದ ಪುಟ್ಟ ಕಂಡೆನ್ಸರ್, ಇಷ್ಟೇ. ಪಾಟ್ ಬಹುಮಟ್ಟಿಗೆ 250 ಅಥವಾ 500 ಕಿಲೋ ಓಮ್‌ನದು, ಕಂಡೆನ್ಸರ್ 0.022 ಅಥವಾ 0.047 ಮೈಕ್ರೋಫ್ಯಾರಡ್‌ನದು. ಬ್ಯಾಟರಿ ಇಲ್ಲ, ಹಾಗಾಗಿ ಹೊಸದಾಗಿ ಏನನ್ನೂ ಸೇರಿಸುವ ತಾಕತ್ತು ಅದಕ್ಕಿಲ್ಲ. ಕಂಡೆನ್ಸರ್ ವೇಗದ ಕಂಪನಗಳನ್ನು ಸಲೀಸಾಗಿ ದಾಟಿಸುತ್ತದೆ, ನಿಧಾನದವನ್ನು ತಡೆಯುತ್ತದೆ. ಎಡದಂಡೆ ಕಾಲುವೆಯ ಪಕ್ಕದ ತೂಬನ್ನು ನೆನೆಸಿಕೊಳ್ಳಿ. ನಾಬ್ ಇಳಿಸಿದಷ್ಟೂ ತೂಬು ತೆರೆದುಕೊಂಡು, ಮೇಲಿನ ಕಂಪನಗಳು ಆಂಪ್ಲಿಫೈಯರ್ ಮುಟ್ಟುವ ಮೊದಲೇ ಅರ್ಥಿಂಗ್‌ಗೆ ಹರಿದುಹೋಗುತ್ತವೆ.

ತಂತಿಯ ಅದುರನ್ನು ಕರೆಂಟಾಗಿಸುವ ಪಿಕಪ್‌ಗಳು ತಂತಿಗಳ ಕೆಳಗಿರುತ್ತವೆ. ಅವುಗಳಲ್ಲಿ ಕುದುರೆಯ ಪಕ್ಕದ್ದನ್ನು ಇಟ್ಟುಕೊಂಡು ಒಂದು ತಂತಿ ಮೀಟಿ ನೋಡಿ. ನಾಬ್ 10ರಲ್ಲಿದ್ದರೆ ‘ಠಣ್’ ಅನ್ನುತ್ತದೆ. ಪ್ಲೆಕ್ಟ್ರಮ್ ತಂತಿಗೆ ತಾಗಿದ ‘ಚಟ್’ ಕೂಡ ಬೇರೆಯಾಗಿ ಕೇಳುತ್ತದೆ. ಇಳಿಸುತ್ತ ಬನ್ನಿ, ಮೊದಲು ಆ ‘ಚಟ್’ ಹೋಗುತ್ತದೆ, ಆಮೇಲೆ ‘ಣ್’ ಸವೆಯುತ್ತದೆ, ಸೊನ್ನೆಗೆ ಬಂದಾಗ ಉಳಿಯುವುದು ‘ಡುಂ’. ಟ್ಯೂನರ್ ಹಚ್ಚಿದ್ದರೆ ಅದರ ಮುಳ್ಳು ಇದ್ದಲ್ಲೇ ಇರುತ್ತದೆ. ಶ್ರುತಿ ಅದೇ, ಸ್ವರ ಅದೇ, ಮೈ ಮಾತ್ರ ಬೇರೆ.

ಮೈಕ್‌ಸೆಟ್‌ನವರು ಏನನ್ನುತ್ತಾರೆಂದು ಕೇಳಿ ನೋಡಿದೆ. “ಟ್ರೆಬಲ್ ಕಡಿಮಿ ಮಾಡ್ರಿ” ಎಂಬುದು ನೂರಕ್ಕೆ ನೂರು ಸರಿಯಾದ ಮಾತು. “ಬೇಸ್ ಕೊಡ್ರಿ” ಅಂದಾಗ ಮಾತ್ರ ತಕರಾರು, ಏಕೆಂದರೆ ಈ ನಾಬ್ ಬೇಸ್ ಕೊಡುವುದಿಲ್ಲ. ಮೇಲಿನದು ಹೋದದ್ದರಿಂದ ಕೆಳಗಿನದು ಎದ್ದು ಕೇಳುತ್ತದೆ, ಅಷ್ಟೇ. ಇನ್ನು ರಾಯಚೂರು, ಬಳ್ಳಾರಿ ಸೀಮೆಯಲ್ಲಿ ‘ಬೇಸು’ ಅಂದರೆ ಚಲೋ ಎಂದೂ ಅರ್ಥವಲ್ಲ? “ಈಗ ಬೇಸ್ ಬಂತು ನೋಡ್ರಿ” ಎಂದು ಒಬ್ಬ ಅಂದಾಗ ಆತ ಮೆಚ್ಚಿದನೋ ಟ್ರೆಬಲ್ ಕಡಿಮೆಯಾದದ್ದನ್ನು ವರದಿ ಮಾಡಿದನೋ ತಿಳಿಯಲಿಲ್ಲ.

ನನಗೆ ಹತ್ತಿರವೆನಿಸಿದ ಮಾತು ಸಿಕ್ಕಿದ್ದು ತಂಬೂರಿಯಲ್ಲಿ. ಸಿದ್ಧರಾಮ ಜಂಬಲದಿನ್ನಿಯವರಂಥ ಹಿಂದುಸ್ತಾನಿ ಗಾಯಕರನ್ನು ಕೊಟ್ಟ ಜಿಲ್ಲೆ ನಮ್ಮದು, ತಂಬೂರಿಯ ಜವಾರಿ ಇಲ್ಲಿ ಹೊಸ ಮಾತಲ್ಲ. ಕುದುರೆಯ ಬೆನ್ನಿನ ಉಬ್ಬನ್ನು ತಂತಿ ಸವರಿಕೊಂಡು ಅದುರುವಾಗ ಏಳುವ ಝೇಂಕಾರಕ್ಕೆ ಜವಾರಿ ಎನ್ನುತ್ತಾರೆ. ಝೇಂಕಾರ ಹೆಚ್ಚಿದ್ದರೆ ‘ಖುಲ್ಲಾ ಜವಾರಿ’, ಅಡಗಿದ್ದರೆ ‘ಬಂದ್ ಜವಾರಿ’. ಅಲ್ಲಿ ಮೇಲಿನ ಕಂಪನಗಳು ಹುಟ್ಟುವುದು ಮರ, ದಂತದ ಮೇಲೆ. ಗಿಟಾರಿನಲ್ಲಿ ಅವು ಸೋರಿಹೋಗುವುದು ತಾಮ್ರದ ತಂತಿಯಲ್ಲಿ. ಕಾರಣ ಬೇರೆಯಾದರೂ ಕಿವಿಗೆ ಬೀಳುವ ವ್ಯತ್ಯಾಸ ಒಂದೇ ಜಾತಿಯದು. ಆದ್ದರಿಂದ ‘ದನಿ ತೆರೆ’, ‘ದನಿ ಮುಚ್ಚು’ ಎಂದು ಬರೆಯಲು ಮನಸ್ಸು ವಾಲುತ್ತಿದೆ. ‘ಜವಾರಿ’ಯನ್ನೇ ಎತ್ತಿಕೊಳ್ಳೋಣವೆಂದರೆ ಇಲ್ಲಿ ಜವಾರಿ ಜೋಳ, ಜವಾರಿ ಕೋಳಿ, ಜವಾರಿ ಮಂದಿ ಅಡ್ಡ ನಿಲ್ಲುತ್ತಾರೆ. ‘ಜವಾರಿ ಟೋನ್’ ಎಂದು ಓದಿದವರು ಜನಪದ ಶೈಲಿ ಅಂದುಕೊಳ್ಳುತ್ತಾರೆ.

ತೆರೆ-ಮುಚ್ಚುವಿನಲ್ಲೂ ತೊಡಕುಂಟು. ಒಂದು, ದನಿ ತೆರೆದಾಗ ಒಳಗಿನ ತೂಬು ಮುಚ್ಚಿರುತ್ತದೆ, ರಿಪೇರಿಯವನಿಗೆ ಇದು ಉಲ್ಟಾ. ಕೈಪಿಡಿ ಕಿವಿಯ ಪರವಾಗಿರಲಿ ಎಂದು ತೀರ್ಮಾನಿಸಿದ್ದೇನೆ. ಎರಡು, ‘ಮುಚ್ಚು’ ಅಂದರೆ ಅಂಗೈ ಇಟ್ಟು ತಂತಿ ಅದುಮುವುದೆಂದು ತಿಳಿದಾರು. ಅದಕ್ಕೆ ‘ಮೊನೆ ಮುರಿ’ ಎಂಬ ಇನ್ನೊಂದು ದಾರಿ ಹೊಳೆದಿದೆ: “ದನಿಯ ಮೊನೆ ಸ್ವಲ್ಪ ಮುರಿ.” ಮೊನೆ ಮುರಿದದ್ದು ‘ದುಂಡು ದನಿ’, ಮುರಿಯದ್ದು ‘ಚೂಪು ದನಿ’. ‘ಮೊಂಡ’ ಬೇಡ, ಅದರಲ್ಲಿ ಬೈಗುಳದ ವಾಸನೆ ಇದೆ. 1960ರ ದಶಕದ ಕೊನೆಗೆ ಇಂಗ್ಲೆಂಡಿನ ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್ ಟೋನ್ ಪೂರ್ತಿ ಇಳಿಸಿ, ಆಂಪ್ಲಿಫೈಯರನ್ನು ಜೋರಾಗಿಟ್ಟು ಹೊರಡಿಸುತ್ತಿದ್ದ ದನಿಗೆ ‘ವುಮನ್ ಟೋನ್’ ಎಂದು ಹೆಸರು ಬಿತ್ತು. ನಮ್ಮಲ್ಲಿ ‘ಹೆಣ್ಣು ದನಿ’ ಎಂದರೆ ಕೀರಲನ್ನೇ ನೆನೆಯುವವರು ಹೆಚ್ಚು. ಆ ಹೆಸರನ್ನು ಹಾಗೆಯೇ ತಂದರೆ ಅರ್ಥ ತಲೆಕೆಳಗಾಗುತ್ತದೆ.

ಬ್ಲೆಂಡ್ ಇನ್ನೂ ತುಂಟ. ‘ಬೆರಕೆ’ ಎನ್ನೋಣವೆಂದರೆ ಎಣ್ಣೆಯ ಕಲಬೆರಕೆ ನೆನಪಾಗುತ್ತದೆ, ‘ಬೆರಕಿ’ ಎಂದು ಕೇಳಿಸಿದರೆ ನಮ್ಮ ಕಡೆ ಅದು ಚಾಲಾಕಿ ಮನುಷ್ಯ. ‘ಮಿಶ್ರಣ’ ಲ್ಯಾಬಿನ ಮಾತು. ಜೊತೆಗೆ ಈ ಒಂದು ಹೆಸರಿನ ಕೆಳಗೆ ಬೇರೆ ಬೇರೆ ಕೆಲಸಗಳು ಸೇರಿಕೊಂಡಿವೆ. ಫೆಂಡರ್ ಕಂಪನಿ 1950ರಲ್ಲಿ ತಂದ ಬ್ರಾಡ್‌ಕಾಸ್ಟರ್ ಗಿಟಾರಿನ ಎರಡನೇ ನಾಬ್ ಟೋನ್ ಆಗಿರಲಿಲ್ಲ. ಸ್ವಿಚ್ಚನ್ನು ಹಿಂದಕ್ಕೆ ಎಳೆದಿಟ್ಟಾಗ ಕುದುರೆಯ ಪಿಕಪ್ ನುಡಿಯುತ್ತಿತ್ತು, ಆ ನಾಬಿನಿಂದ ಕುತ್ತಿಗೆಯ ಪಿಕಪ್ಪನ್ನು ಬೇಕಾದಷ್ಟು ಅದರೊಳಕ್ಕೆ ಬಿಡಬಹುದಿತ್ತು. ಟೆಲಿಕಾಸ್ಟರ್ ಎಂದು ಹೆಸರು ಬದಲಾದ ಮೇಲೆ 1952ರಲ್ಲಿ ಅದೇ ಜಾಗಕ್ಕೆ ಟೋನ್ ಬಂತು. ಇಂಥ ಬ್ಲೆಂಡಿಗೆ ‘ಕೂಡಿಸು’ ಸಾಕು: “ಕುತ್ತಿಗಿದು ಸ್ವಲ್ಪ ಕೂಡಸು.” ಈಗಿನ ಅನೇಕ ಬೇಸ್ ಗಿಟಾರುಗಳ ಬ್ಲೆಂಡ್ ಹಾಗಲ್ಲ. ನಡುವೆ ‘ಟಕ್’ ಎಂದು ಕೂರುವ ಕಡೆ ಎರಡೂ ಪಿಕಪ್ ಪೂರ್ತಿ ಇರುತ್ತವೆ, ಅಲ್ಲಿಂದ ಯಾವ ಕಡೆ ತಿರುವಿದರೂ ಎದುರಿನದರ ಪಾಲು ಕರಗುತ್ತ ಹೋಗುತ್ತದೆ. ಇದಕ್ಕೆ ‘ಪಾಲು’ ಎಂಬ ಮಾತೇ ಒಪ್ಪುತ್ತದೆ ಅನ್ನಿಸುತ್ತದೆ. ಪಾಲಿಗೆ ಹೊಲ ಮಾಡುವ ಊರಲ್ಲಿ ಅದನ್ನು ಬಿಡಿಸಿ ಹೇಳಬೇಕಿಲ್ಲ.

‘ಕೂಡಿಸು’ವಿನ ಮೇಲೆ ನನಗೇ ಒಂದು ಅನುಮಾನವಿದೆ. ಒಂದೇ ತಂತಿಯನ್ನು ಎರಡು ಜಾಗದಲ್ಲಿ ಹಿಡಿದು ಸೇರಿಸಿದಾಗ ಕೆಲವು ಕಂಪನಗಳು ಒಂದನ್ನೊಂದು ಹೊಡೆದುಹಾಕುತ್ತವೆ. ಎರಡೂ ಪಿಕಪ್ ಹಚ್ಚಿದ ದನಿ ದಪ್ಪವಾಗುವ ಬದಲು ನಡುವೆ ಪೊಳ್ಳಾಗಿ ಕೇಳುವುದು ಇದಕ್ಕೇ. ಲೆಕ್ಕದ ಕೂಡುವಿಕೆ ಕಲಿತ ಹುಡುಗ ಎರಡಿದ್ದರೆ ಎರಡು ಪಟ್ಟು ಜೋರು ಎಂದು ಕಾಯುತ್ತಾನೆ.

ಈಗ ನನ್ನ ಪ್ರಶ್ನೆಗಳು. ಬಳ್ಳಾರಿ ಕಡೆಯ ಬಯಲಾಟದ ಮೇಳಗಳಲ್ಲಿ ಹಾರ್ಮೋನಿಯಂ, ಮುಖವೀಣೆಯವರು ದನಿ ಚೂಪಾದಾಗ, ದುಂಡಾದಾಗ ಏನನ್ನುತ್ತಾರೆ? ‘ದನಿ ಬಂದ್ ಆಗೇತಿ’ ಎಂಬ ಮಾತನ್ನು ಶ್ರುತಿಗಾಗಲಿ ಗಟ್ಟಿತನಕ್ಕಾಗಲಿ ಸೇರದ ಅರ್ಥದಲ್ಲಿ ಕೊಪ್ಪಳ, ಗಂಗಾವತಿಯಲ್ಲಿ ಯಾರಾದರೂ ಕೇಳಿದ್ದೀರಾ? ‘ಮೊನೆ ಮುರಿ’ ನಿಮ್ಮ ಕಿವಿಗೆ ಸಹಜವೋ, ಕಟ್ಟಿದ ಮಾತೋ? ಪದವೊಂದನ್ನೇ ಬರೆಯದೆ, ಅದನ್ನು ಆಡಿದವರ ವಾಕ್ಯವನ್ನೂ ಅವರು ಆಡಿದ ಹಾಗೆಯೇ ಕೊಟ್ಟರೆ ಉಪಕಾರವಾಗುತ್ತದೆ.